ಹೌಸ್‌ಬೋಟ್ ಅಲೆಪ್ಪಿಯಲ್ಲೇ ಯಾಕೆ, ನಮ್ಮ ಹೊಳೆಯಲ್ಲಿ ಯಾಕಿಲ್ಲ?

ಹೋದ ಡಿಸೆಂಬರ್‌ನಲ್ಲಿ ಮನೆಮಂದಿಯೆಲ್ಲ ಬಾಗಲಕೋಟೆಯಿಂದ ಅಲೆಪ್ಪಿಗೆ ಹೋಗಿದ್ದೆವು. ಮಧ್ಯಾಹ್ನ ಹನ್ನೆರಡಕ್ಕೆ ಹೌಸ್‌ಬೋಟ್ ಹತ್ತಿದೆವು. ಸಂಜೆ ಐದೂವರೆಗೆ ಅದು ದಂಡೆಗೆ ಬಂದು ನಿಂತೇಬಿಟ್ಟಿತು. ರಾತ್ರಿ ಮೀನುಗಾರರು ಬಲೆ ಬಿಡುತ್ತಾರೆ, ಬೆಳಗಾಗುವವರೆಗೆ ಇಲ್ಲೇ ಅಂದರು. ಎಸಿ ಕೂಡ ರಾತ್ರಿ ಒಂಬತ್ತರ ಮೇಲೆ ಮಾತ್ರ. ಬುಕಿಂಗ್ ಮಾಡುವಾಗ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ದೊಡ್ಡವ್ವ ಸುಮ್ನೆ ನೀರು ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಂದಳು: ‘ನೀರ ನೋಡಾಕ ಇಷ್ಟ ದೂರ ಬರಬೇಕಿತ್ತೇನೋ ತಮ್ಮಾ? ನಮ್ಮ ಮನಿ ಮ್ಯಾಲೆ ಇದಕ್ಕಿಂತ ಜಾಸ್ತಿ ನಿಂತೈತಿ.’

ಅವಳ ಮನೆ ಇದ್ದದ್ದು ಹಳೆ ಬಾಗಲಕೋಟೆಯಲ್ಲಿ, ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಭಾಗದಲ್ಲಿ. ಅಷ್ಟು ನೀರು ಇಟ್ಟುಕೊಂಡು ನಾವೇಕೆ ಕೇರಳಕ್ಕೆ ಹೋಗಬೇಕು ಅನ್ನೋದು ನಮ್ಮ ಕಡೆ ಚಹಾದಂಗಡಿಯಲ್ಲೂ ಕೇಳುವ ಪ್ರಶ್ನೆ. ಉತ್ತರ ಬೇಕಾದರೆ ಹೌಸ್‌ಬೋಟ್ ಹುಟ್ಟಿದ್ದು ಹೇಗೆ ಅಂತ ನೋಡಬೇಕು.

ಅಲೆಪ್ಪಿಯ ಬೋಟ್ ಮೊದಲು ಭತ್ತದ ದೋಣಿಯಾಗಿತ್ತು. ಹೆಸರು ಕೆಟ್ಟುವಳ್ಳಂ. ‘ಕೆಟ್ಟು’ ಅಂದರೆ ನಮ್ಮ ‘ಕಟ್ಟು’ವೇ, ‘ವಳ್ಳಂ’ ಅಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುತ್ತಿದ್ದರು, ಒಂದೂ ಮೊಳೆ ಹೊಡೆಯುತ್ತಿರಲಿಲ್ಲ. ಕುಟ್ಟನಾಡಿನ ಭತ್ತ ಇದರಲ್ಲೇ ಕೊಚ್ಚಿಗೆ ಹೋಗುತ್ತಿತ್ತು. ರಸ್ತೆ, ಸೇತುವೆ ಬಂದವು, ಲಾರಿ ಬಂತು, ದೋಣಿಗೆ ಕೆಲಸ ಹೋಯಿತು. 1990ರ ದಶಕದಲ್ಲಿ ಅದರ ಮೇಲೆ ಬಿದಿರಿನ ಚಾವಣಿ ಕಟ್ಟಿ, ಮಂಚ ಹಾಕಿ, ಪ್ರವಾಸಿಗರನ್ನು ಹತ್ತಿಸಿದರು.

ಕಾಶ್ಮೀರದ ಕಥೆಯೇ ಬೇರೆ. ಅಲ್ಲಿ ಹೊರಗಿನವರು ಜಮೀನು ಕೊಳ್ಳುವಂತಿರಲಿಲ್ಲ. ಬೇಸಿಗೆಗೆ ಬರುತ್ತಿದ್ದ ಬ್ರಿಟಿಷರು ನೆಲ ಸಿಗದಿದ್ದರೇನು ಅಂತ ನೀರಿನ ಮೇಲೇ ಮನೆ ಮಾಡಿಕೊಂಡರು. ದೋಣಿಯಲ್ಲೇ ಸಂಸಾರ ಮಾಡುವವರು ಅಲ್ಲಿ ಮೊದಲೇ ಇದ್ದರು, ಅವರ ಡೂಂಗಾ ದೋಣಿಯೇ ಇದಕ್ಕೆ ಮಾದರಿ. ದಾಲ್ ಸರೋವರದ ಹೌಸ್‌ಬೋಟ್ ದಂಡೆಗೆ ಕಟ್ಟಿದ ಮನೆ, ಎಲ್ಲಿಗೂ ಹೋಗುವುದಿಲ್ಲ.

ಗಂಗೆಯಲ್ಲಿ 1834ರಿಂದಲೇ ಸ್ಟೀಮರ್ ಓಡುತ್ತಿತ್ತು. ರೈಲು ಬಂದು ಅದನ್ನು ಮೂಲೆಗೆ ತಳ್ಳಿತು. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ಅದೇ ಹಳೆ ನೀರುದಾರಿಯ ಹೊಸ ಹಡಗು. 36 ಪ್ರವಾಸಿಗರಿಗೆ ಜಾಗ, 51 ದಿನ, ಬಾಂಗ್ಲಾದೇಶ ಹಾದು ದಿಬ್ರುಗಢದವರೆಗೆ ಸುಮಾರು 3,200 ಕಿ.ಮೀ.

ಎಲ್ಲ ಕಡೆಯೂ ಮೊದಲು ದುಡಿಯುವ ದೋಣಿ ಇತ್ತು, ಮೋಜು ಆಮೇಲೆ ಬಂತು. ನಮ್ಮಲ್ಲಿ ದುಡಿಯುತ್ತಿದ್ದದ್ದು ಹರಗೋಲು. ಬಿದಿರಿನ ದಬ್ಬೆ ಹೆಣೆದು ಮೇಲೆ ತೊಗಲು ಹೊದಿಸಿದ ದುಂಡನೆಯ ಬುಟ್ಟಿ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಅದಕ್ಕೆ ಹಿಂದು ಮುಂದು ಇಲ್ಲ. ಹುಟ್ಟು ಹಾಕಲು ಬಾರದವ ಕೂತರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ದಡ ದಾಟಿಸಲು ಅದು ಸಾಕು, ಅದರ ಮೇಲೆ ಮಂಚ ಹಾಕೋಕಾಗಲ್ಲ. ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಬಂಡೆ ತೋರಿಸುವ ಹೊಳೆಯಲ್ಲಿ ದೊಡ್ಡ ಸರಕು ದೋಣಿ ಬೆಳೆಯುವುದಾದರೂ ಹೇಗೆ? ಹನ್ನೆರಡನೇ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಕಸುಬು ಇದು. ಆದರೆ ಅದು ದಾಟಿಸುವ ಕಸುಬು, ಸುತ್ತಾಡಿಸುವುದಲ್ಲ. ಸೇತುವೆಗಳು ಬಂದ ಮೇಲೆ ಆ ಕೆಲಸವೂ ಕಡಿಮೆಯಾಯಿತು. ಈಗ ಕೊಲ್ಹಾರದ ಹತ್ತಿರ ಕೃಷ್ಣೆ ದಾಟುವವರು ಸೇತುವೆ ಮೇಲೆ ಬರ್‍ರನೆ ಹೋಗಿ, ಊರಲ್ಲಿ ಗಾಡಿ ನಿಲ್ಲಿಸಿ ಗಡಿಗೆ ಮೊಸರು ಕೊಳ್ಳುತ್ತಾರೆ.

ಹಾಗಂತ ಈಗ ನೀರಿಗೇನು ಕಮ್ಮಿ? 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ಇಂದು 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ, ಸುಮಾರು 123 ಟಿಎಂಸಿ. ಆಗಸ್ಟ್‌ನಲ್ಲಿ ಹಿನ್ನೀರು ನೋಡಿದರೆ ಸಮುದ್ರವೇ. ಮೇ ತಿಂಗಳಲ್ಲಿ ಅದೇ ಜಾಗಕ್ಕೆ ಹೋಗಿ. ನೀರು ದೂರ ಸರಿದಿರುತ್ತದೆ. ಮಧ್ಯೆ ಬಿರುಕು ಬಿಟ್ಟ ಎರಿ ಮಣ್ಣು, ಅಂಚಿನಲ್ಲಿ ಮೊಣಕಾಲುದ್ದ ರಾಡಿ. ಘಟಪ್ರಭೆ ಕೃಷ್ಣೆ ಸೇರುವ ಚಿಕ್ಕಸಂಗಮದ ಗುಡಿಯೇ ಮಳೆಗಾಲದಲ್ಲಿ ನೀರೊಳಗೆ ಹೋಗಿ ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ಅಲೆಪ್ಪಿಯ ವೆಂಬನಾಡಿನ ಕೆರೆ ಸಮುದ್ರದ ಮಟ್ಟದಲ್ಲೇ ಇದೆ, ಅಲ್ಲಿ ನೀರು ವರ್ಷವಿಡೀ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಮನೆ ಬಾಗಿಲಿಗೇ ದೋಣಿ ಕಟ್ಟಬಹುದು. ನಮ್ಮದು ಕಾಲುವೆಗೆ, ಕರೆಂಟಿಗೆ ಅಂತ ಕೂಡಿಟ್ಟ ನೀರು, ಖರ್ಚಾಗಲಿಕ್ಕೇ ಇರುವುದು. ನನ್ನ ಪ್ರಕಾರ ನಮ್ಮಲ್ಲಿ ಹೌಸ್‌ಬೋಟ್ ಇಲ್ಲದ್ದಕ್ಕೆ ಸರ್ಕಾರದ ಸೋಮಾರಿತನಕ್ಕಿಂತ ಇದೇ ದೊಡ್ಡ ಕಾರಣ.

ಕಾಗದದ ಮೇಲೆ ಮಾತ್ರ ನಾವು ಬಹಳ ಮುಂದಿದ್ದೇವೆ. 2016ರ ಕಾಯ್ದೆ ದೇಶದ ಜಲಮಾರ್ಗಗಳನ್ನು 111ಕ್ಕೆ ಏರಿಸಿತು. ಘಟಪ್ರಭೆಗೂ ಮಲಪ್ರಭೆಗೂ ಒಂದೊಂದು ನಂಬರ್ ಸಿಕ್ಕಿತು. ಬೀಳಗಿ ಕಡೆಯ ಗಲಗಲಿಯಿಂದ ತೆಲಂಗಾಣದ ವಜೀರಾಬಾದ್‌ವರೆಗಿನ ಕೃಷ್ಣೆ ರಾಷ್ಟ್ರೀಯ ಜಲಮಾರ್ಗ 4ರ ಭಾಗ. ಗಲಗಲಿಯಲ್ಲಿ ಹಡಗು ಹತ್ತಿದರೆ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ ಎಲ್ಲ ನೋಡಿಕೊಂಡು ಇಳಿಯಬಹುದು ಅನ್ನಿ! ಗಂಗೆಯ ಫರಕ್ಕಾ ಕಟ್ಟೆಯಲ್ಲಿ ಹಡಗು ದಾಟಿಸಲು ಲಾಕ್ ಇದೆ, ಅಂದರೆ ನೀರು ಏರಿಸಿ ಇಳಿಸಿ ಹಡಗನ್ನು ಆಚೆ ಬಿಡುವ ಕೋಣೆ. ನಮ್ಮ ಆಲಮಟ್ಟಿಯಲ್ಲಿ ಗೇಟಿದೆ, ಲಾಕ್ ಇಲ್ಲ.

ಸುರಕ್ಷತೆಯ ಮಾತನ್ನೂ ಬಿಡುವಂತಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ 16 ಜನ ಹೋದರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ 22 ಜನ. ಒಳನಾಡು ಹಡಗುಗಳಿಗೆ 1917ರ ಹಳೆ ಕಾಯ್ದೆಯ ಬದಲು 2021ರಲ್ಲಿ ಹೊಸದು ಬಂದಿದೆ. ಆದರೂ ಲೈಫ್ ಜಾಕೆಟ್ ಕೊಟ್ಟರೆ ‘ಫೋಟೋ ಚೆಂದ ಬರಂಗಿಲ್ಲ’ ಅಂತ ಬಿಚ್ಚಿಡುವವರು ನಾವೇ ಅಲ್ವಾ?

ಆಗುವುದು ಏನು? ಸೆಪ್ಟೆಂಬರ್‌ನಿಂದ ಜನವರಿವರೆಗೆ ಹಗಲಿನ ಲಾಂಚ್. ಚಳಿಗಾಲದಲ್ಲಿ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ, ಅವುಗಳನ್ನು ದೂರದಿಂದ ತೋರಿಸಿ, ಕತ್ತಲಾಗುವುದರೊಳಗೆ ಜನರನ್ನು ದಡ ಸೇರಿಸಿದರೆ ಸಾಕು. ಮಂಚ, ಎಸಿ ಬೇಡ. ಜೆಟ್ಟಿಯೂ ನೀರಿನ ಜೊತೆ ಏರಿ ಇಳಿಯುವಂಥ ತೇಲುವ ಜೆಟ್ಟಿಯೇ ಆಗಬೇಕು.

ಆ ಜೆಟ್ಟಿಯನ್ನು ಕಟ್ಟಿಹಾಕಲು ಗೂಟ ಎಲ್ಲಿ ಹೊಡೆಯುವುದು ಅನ್ನೋದು ಇನ್ನೊಂದು ತೊಡಕು. ಕೃಷ್ಣಾ ನ್ಯಾಯಾಧಿಕರಣ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಅಂದರೆ ಈಗಿನದಕ್ಕಿಂತ ಸುಮಾರು 15 ಅಡಿ ಮೇಲೆ. ಇದಕ್ಕಾಗಿ ಮುಳುಗುವ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನಿರ್ಧರಿಸಿತು. ದೊಡ್ಡವ್ವನಿಗೆ ಲಾಂಚ್ ವಿಷಯ ಹೇಳಿದೆ. ‘ಹತ್ತತೀನಿ ಬಿಡು, ಆದ್ರ ನಮ್ಮ ಓಣಿ ಮ್ಯಾಲೆ ಹಾದು ಹೋಗುವಾಗ ಸ್ವಲ್ಪ ನಿಂದ್ರಸಬೇಕು’ ಅಂದಳು.