ಶಾಲೆಯ ಕಂಬದೊಳಗೆ ರಿಂಗು ಹೇಗಿದೆ?

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಿನ ಊರುಗಳಲ್ಲಿ ಜನರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು. ಆಮೇಲೆ ಸೊಲ್ಲಾಪುರದ ಗಡಿಭಾಗದಲ್ಲೂ ‘ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಇದ್ದರೆ ಭಯವಿಲ್ಲ’ ಎಂಬ ನಂಬಿಕೆ ಬೇರೂರಿತು. ಆದರೆ 2001ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ನೆಲಕ್ಕೆ ಕುಸಿದವು ಆರ್‌ಸಿಸಿ ಕಟ್ಟಡಗಳೇ. ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಶಾಲೆಗಳ ಕಾಂಕ್ರೀಟ್ ಕಟ್ಟಡಗಳನ್ನೂ ಇದೇ ಎಚ್ಚರದಿಂದ ನೋಡಬೇಕು. ಬಿರುಕು ಬಿಡುತ್ತದೆಯೇ ಎಂಬುದು ಎರಡನೇ ಮಾತು. ಬಿರುಕು ಬಿಟ್ಟು ವಾಲಿದ ಮೇಲೂ ಕಂಬ ಸ್ಲ್ಯಾಬನ್ನು ಹೊತ್ತು ನಿಲ್ಲುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಮೊದಲು ಒಂದು ಸಣ್ಣ ಲೆಕ್ಕ. 30 ಮೀಟರ್ ಉದ್ದ, 8 ಮೀಟರ್ ಅಗಲದ ಎರಡು ಅಂತಸ್ತಿನ ಶಾಲೆ. 3 ಮೀಟರಿಗೊಂದರಂತೆ 11 ಜೋಡಿ, ಒಟ್ಟು 22 ಕಂಬ. ಒಂದೊಂದೂ 230×300 ಮಿ.ಮೀ. ಗೋಡೆ ಸೇರಿ ಚದರ ಮೀಟರಿಗೆ 1 ಟನ್ ಹಿಡಿದರೆ ಒಟ್ಟು ಭಾರ 480 ಟನ್. ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ಸೊಲ್ಲಾಪುರ ಮೂರನೇ ಭೂಕಂಪ ವಲಯದಲ್ಲಿದೆ, ಆ ವಲಯದ ಅಂಶ 0.16. ಅದರ ಅರ್ಧವನ್ನು ಶಾಲೆಯ ಮಹತ್ವಕ್ಕೆಂದು 1.5ರಿಂದ ಗುಣಿಸಿ, ಸಾಮಾನ್ಯ ಚೌಕಟ್ಟಿಗೆಂದು 3ರಿಂದ ಭಾಗಿಸಿ, ಗಿಡ್ಡ ಕಟ್ಟಡವಾದ್ದರಿಂದ 2.5ರಿಂದ ಗುಣಿಸಿದರೆ ಭಾರದ ಶೇ. 10, ಅಂದರೆ 48 ಟನ್ ಬಲ ಅಡ್ಡಕ್ಕೆ ತಳ್ಳುತ್ತದೆ. ಹಳೆಯ ಕಾಂಕ್ರೀಟ್ ಕಟ್ಟಡಗಳ ಭೂಕಂಪ ತಪಾಸಣೆಯ ಭಾರತೀಯ ಮಾನಕ ಐಎಸ್ 15988ರ ಪ್ರಾಥಮಿಕ ಪರೀಕ್ಷೆಯಂತೆ, ಉದ್ದದ ದಿಕ್ಕಿನಲ್ಲಿ ಕಂಬಗಳನ್ನು ಅಡ್ಡಕ್ಕೆ ಕತ್ತರಿಸುವ ಸರಾಸರಿ ಒತ್ತಡ ಚದರ ಮಿ.ಮೀ.ಗೆ 0.34 ನ್ಯೂಟನ್, ಮಿತಿ 0.4, ಪಾಸು. ಅಗಲದ ದಿಕ್ಕಿನಲ್ಲಿ ಸಾಲಿಗೆ ಎರಡೇ ಕಂಬ ಇರುವುದರಿಂದ ಅದು 0.62ಕ್ಕೆ ಏರುತ್ತದೆ. ಹಳೆಯ ಕಟ್ಟಡವೆಂದು ಸುಮಾರು ಮೂರರಲ್ಲೊಂದು ಪಾಲು ರಿಯಾಯಿತಿ ಕೊಟ್ಟರೂ ಮಿತಿಯೊಳಗೆ ಬರುವುದಿಲ್ಲ. ಇಂಥ ಸಾಲುಕೋಣೆಯ ಶಾಲೆ ಈ ಪರೀಕ್ಷೆಯಲ್ಲಿ ಸೋಲುವುದು ಈ ಅಗಲದ ದಿಕ್ಕಿನಲ್ಲೇ. ಪಾಸಾಗದಿದ್ದರೆ ಕಟ್ಟಡ ಬಿದ್ದೇಬಿಡುತ್ತದೆ ಎಂದಲ್ಲ, ವಿವರವಾದ ವಿಶ್ಲೇಷಣೆ ಆಗಲೇಬೇಕು ಎಂದರ್ಥ.

ಉದ್ದದ ದಿಕ್ಕಿನಲ್ಲಿ ಪಾಸಾಯಿತೆಂದು ಸುಮ್ಮನಿರುವಂತಿಲ್ಲ. ಕಿಟಕಿಯ ಕೆಳಗಿನ ಗೋಡೆಯನ್ನು ಕಂಬಗಳ ನಡುವೆ ಬಿಗಿಯಾಗಿ ಕಟ್ಟಿರುತ್ತಾರೆ. 3 ಮೀಟರ್ ಕಂಬದಲ್ಲಿ ಅರ್ಧ ಗೋಡೆಯೊಳಗೆ ಸಿಕ್ಕಿಕೊಂಡರೆ ಬಾಗಲು ಉಳಿಯುವುದು ಒಂದೂವರೆ ಮೀಟರ್. ಬಿಗುವು, ಅಂದರೆ ಬಾಗದೆ ಎದುರು ನಿಲ್ಲುವ ಗುಣ, ಎಂಟು ಪಟ್ಟಾಗುತ್ತದೆ. ಶೌಚಾಲಯದ ಕಡೆ ಎತ್ತರದ ಗವಾಕ್ಷಿ ಇಟ್ಟು 1 ಮೀಟರ್ ಮಾತ್ರ ಬಿಟ್ಟಿದ್ದರೆ 27 ಪಟ್ಟು. ಬಿಗಿ ಹೆಚ್ಚಿದ ಕಂಬವೇ ಬಲದ ಹೆಚ್ಚು ಪಾಲು ಎಳೆದುಕೊಂಡು, ಓರೆ ಬಿರುಕು ಬಿಟ್ಟು ಒಡೆಯುತ್ತದೆ. ವರಾಂಡದ ಮುಕ್ತ ಕಂಬಗಳಿಗೆ ಬಲ ತಲುಪುವ ಮೊದಲೇ ಇದು ಮುಗಿದಿರುತ್ತದೆ.

ಆ ಕಂಬ ಒಡೆದ ಮೇಲೂ ಭಾರ ಹೊರಬೇಕಾದರೆ ರಿಂಗುಗಳು, ಅಂದರೆ ಕಂಬದ ಉದ್ದ ಸರಳುಗಳನ್ನು ಸುತ್ತಿ ಕಟ್ಟುವ ಕಬ್ಬಿಣದ ಬಳೆಗಳು, ಸರಿಯಿರಬೇಕು. ಇದನ್ನು ಹೊರಗಿನಿಂದ ನೋಡಿ ಹೇಳಲಾಗದು. ಕಬ್ಬಿಣ ಪತ್ತೆ ಮಾಡುವ ಯಂತ್ರದಿಂದ ಅಂತರ ಗುರುತಿಸಿ, ನಂತರ ಕೆಲವು ಕಂಬಗಳ ತುದಿಯಲ್ಲಿ, ಬೀಮಿನ ಕೆಳಗೆ, ಗಿಲಾವು ಮತ್ತು ಹೊರಪದರ ಬಿಡಿಸಿ ಕಣ್ಣಾರೆ ನೋಡಬೇಕು. ತುದಿಗಳಲ್ಲಿ ರಿಂಗಿನ ಅಂತರ 100 ಮಿ.ಮೀ. ಮೀರಬಾರದು, 230 ಮಿ.ಮೀ. ಕಂಬಕ್ಕೆ ಅದರ ಕಾಲುಭಾಗ, ಅಂದರೆ ಇನ್ನೂ ಕಡಿಮೆ. ಕೊಕ್ಕೆ 135 ಡಿಗ್ರಿ ಮಡಚಿ ಒಳಗಿನ ಕಾಂಕ್ರೀಟಿಗೆ ಹೊಕ್ಕಿರಬೇಕು. ಹಳೆಯ ಕೆಲಸಗಳಲ್ಲಿ ಸಿಗುವುದು 200 ಮಿ.ಮೀ.ಗೊಂದು 6 ಮಿ.ಮೀ. ರಿಂಗು, 90 ಡಿಗ್ರಿ ಕೊಕ್ಕೆ. ಹೊರಪದರ ಉದುರಿದೊಡನೆ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಉದ್ದ ಸರಳು ಹೊರಕ್ಕೆ ಬಾಗುತ್ತದೆ, ಕಂಬ ಕುಗ್ಗುತ್ತದೆ. ಬೀಮು–ಕಂಬ ಸೇರುವಲ್ಲಿ ಕಟ್ಟುವುದು ಕಷ್ಟವೆಂದು ರಿಂಗನ್ನೇ ಬಿಟ್ಟಿರುವುದೂ ಉಂಟು. ಸರಳಿನ ಜೋಡಣೆ ಸ್ಲ್ಯಾಬಿನ ಮೇಲೆಯೇ ಆಗಿದ್ದರೆ ಅದನ್ನೂ ದೋಷವೆಂದೇ ಬರೆದುಕೊಳ್ಳಬೇಕು. ಅದು ಕಂಬದ ನಡುಭಾಗದಲ್ಲಿರಬೇಕಿತ್ತು.

ಕಾಂಕ್ರೀಟಿನ ಗಟ್ಟಿತನಕ್ಕೆ, ಮೈಗೆ ಬಡಿದು ಪುಟಿತ ಅಳೆಯುವ ರಿಬೌಂಡ್ ಹ್ಯಾಮರ್ ಒಂದನ್ನೇ ನೆಚ್ಚಬಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕ ಮೇಲ್ಪದರ ಗಡಸಾಗಿ, ಹ್ಯಾಮರಿನ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಆಗಷ್ಟೇ ಒಡೆದ ಮೈಗೆ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ಸಿಂಪಡಿಸಿದರೆ ಚೆನ್ನಾಗಿರುವ ಭಾಗ ಗುಲಾಬಿಯಾಗುತ್ತದೆ; ಬಣ್ಣ ಬರದ ಪದರ ಸರಳಿನವರೆಗೆ ಇಳಿದಿದ್ದರೆ ತುಕ್ಕಿಗೆ ದಾರಿ ತೆರೆದಿದೆ. ಹ್ಯಾಮರಿನ ಅಂಕಿಯನ್ನು ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟಿನ ದುಂಡು ತುಂಡು, ಪರೀಕ್ಷಿಸಿ ಹೊಂದಿಸಿಕೊಳ್ಳಬೇಕು. ಸರಳು ಎಲ್ಲಿದೆಯೆಂದು ಗುರುತಿಸದೆ ಕಂಬ ಕೊರೆಯುವುದು ಅಪರಾಧಕ್ಕೆ ಸಮ.

ಎರೆಭೂಮಿಯ ಶಾಲೆಗಳಲ್ಲಿ ಬೇಸಿಗೆಗೆ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚುವ ಗೋಡೆಬಿರುಕುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಅವು ಪಾಯದ ಸಮಸ್ಯೆ. ಅವನ್ನು ಸಿಮೆಂಟಿನಿಂದ ಮುಚ್ಚಿ ‘ಭೂಕಂಪ ದುರಸ್ತಿ’ ಎಂದು ಬಿಲ್ಲು ಮಾಡುವುದು ಸಲ್ಲ.

ಕೊರತೆ ಕಂಡಲ್ಲಿ ಕಂಬದ ಸುತ್ತ ಕನಿಷ್ಠ 100 ಮಿ.ಮೀ. ಹೊಸ ಕಾಂಕ್ರೀಟಿನ ಕವಚ, ಅಗಲದ ದಿಕ್ಕಿನಲ್ಲಿ ಎರಡು ತುದಿಗೂ ಆರ್‌ಸಿಸಿ ಗೋಡೆ, ಗೋಡೆಗೆ ಸಿಕ್ಕಿ ಗಿಡ್ಡವಾದ ಕಂಬದ ಪಕ್ಕದ ಗೋಡೆಯಲ್ಲಿ ಮೆತ್ತನೆ ತುಂಬಿದ ಸೀಳು: ಇವು ಆಗುವ ಕೆಲಸಗಳು. ಸೀಳು ಬಿಟ್ಟ ಗೋಡೆ ತಾನೇ ಮಗುಚದಂತೆ ಆಸರೆ ಬೇಕು, ಹೊಸ ಗೋಡೆಗೆ ಹೊಸ ಪಾಯ ಬೇಕು. ಕವಚದ ಸರಳು ಸ್ಲ್ಯಾಬ್ ತೂರಿ ಮೇಲಿನ ಅಂತಸ್ತಿಗೂ, ಕೆಳಗೆ ಪಾಯಕ್ಕೂ ಹೋಗಿರಬೇಕು. ಸ್ಲ್ಯಾಬಿನ ಕೆಳಗೇ ನಿಲ್ಲಿಸಿದ ಕವಚ ಕಂಬವನ್ನು ದಪ್ಪ ಮಾಡುತ್ತದೆ, ಬೀಮು–ಕಂಬದ ಸಂಧಿಯನ್ನು ಮೊದಲಿದ್ದಂತೆಯೇ ದುರ್ಬಲವಾಗಿ ಬಿಡುತ್ತದೆ.