ಪೈಪ್ ಹಾಕಿ ತುಳಿದರೆ ಸಾಕಾ?

ಪ್ರಶ್ನೆ: ಕಾರಿನ ಮುಂದಿನ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಬೂಟ್ (ರಬ್ಬರ್ ಹೊದಿಕೆ) ಹರಿದು ಗ್ರೀಸ್ ಎಲ್ಲ ಹೊರಗೆ ಬಂದಿದೆ. ಮನೆಯಲ್ಲೇ ಬಿಚ್ಚೋಣ ಅಂತಿದ್ದೇನೆ. ಹಬ್ ನಟ್ ವಾಪಸ್ ಹಾಕುವಾಗ ಎಷ್ಟು ಬಿಗಿ ಬೇಕು? ಸ್ಪಾನರ್ ಹಿಡಿಗೆ ಪೈಪ್ ಹಾಕಿ ತುಳಿದರೆ ಸಾಕಾ?
– ಮೂಡಿಗೆರೆ ಕಡೆಯ ಓದುಗರು

ಸಾಕಾಗುವುದಲ್ಲ, ಜಾಸ್ತಿಯೇ ಆಗುತ್ತದೆ! ಲೆಕ್ಕ ನೋಡಿ. ಒಂದು ಮೀಟರ್ ಪೈಪಿನ ತುದಿಯಲ್ಲಿ 20 ಕೆ.ಜಿ. ಭಾರ ಹಾಕಿದರೆ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಸಣ್ಣ ಕಾರುಗಳ ಹಬ್ ನಟ್ ಕೇಳುವುದು ಹೆಚ್ಚುಕಮ್ಮಿ ಅಷ್ಟೇ. 60 ಕೆ.ಜಿ. ಆಸಾಮಿ ಅದರ ಮೇಲೆ ಹತ್ತಿ ನಿಂತರೆ 600ರ ಹತ್ತಿರ ಹೋಗುತ್ತದೆ. ಬಿಚ್ಚುವಾಗ ತುಳಿಯಿರಿ, ಬೇಡ ಅನ್ನಲ್ಲ. ಬಿಗಿ ಮಾಡುವಾಗ ಬೇಡ.

ಸುತ್ತಲೂ ಇರುವ ನಾಲ್ಕೈದು ವೀಲ್ ನಟ್ ಬೇರೆ, ನಡುವೆ ಕ್ಯಾಪ್ ಕೆಳಗೆ ಅಡಗಿರುವ ದೊಡ್ಡ ಹಬ್ ನಟ್ ಬೇರೆ. ವೀಲ್ ನಟ್ ಚಕ್ರವನ್ನು ಹಿಡಿದರೆ, ಹಬ್ ನಟ್ ಶಾಫ್ಟನ್ನು ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಕಟ್ಟಿ ಬೇರಿಂಗನ್ನು ಒತ್ತಿ ಹಿಡಿಯುತ್ತದೆ. ಒತ್ತಡ ಕಮ್ಮಿಯಾದರೂ ಜಾಸ್ತಿಯಾದರೂ ಬೇರಿಂಗ್ ಬಾಳುವುದಿಲ್ಲ. ನಾನೂ ಒಮ್ಮೆ 'ಕೈ ಅಂದಾಜು ಸಾಕು' ಅಂತ ಬಿಗಿ ಮಾಡಿ ಜಂಬದಲ್ಲಿ ಹಾಸನಕ್ಕೆ ಹೋಗಿ ಬಂದೆ. ಸ್ವಲ್ಪ ದಿನಕ್ಕೇ ಸ್ಪೀಡ್ ಹೆಚ್ಚಾದಂತೆ 'ಗುಂಯ್' ಅನ್ನುವ ಸದ್ದು ಶುರುವಾಯಿತು. ಟೈರ್ ಸದ್ದಿರಬೇಕು ಅಂದುಕೊಂಡು ಇನ್ನೂ ಓಡಿಸಿದೆ. ಕೊನೆಗೆ ಬೇರಿಂಗ್ ಬದಲಾಯಿತು.

ಅದಕ್ಕೇ ಹೇಳುತ್ತೇನೆ, ಟಾರ್ಕ್ ರೆಂಚ್ (ಇಟ್ಟಷ್ಟು ಬಿಗಿ ಬಂದ ಕೂಡಲೇ 'ಟಕ್' ಅನ್ನುವ ಸ್ಪಾನರ್) ಸಿಗದಿದ್ದರೆ ಈ ನಟ್ ಮುಟ್ಟಲೇಬೇಡಿ. ಸ್ವಂತದ್ದೇ ಆಗಬೇಕಿಲ್ಲ, ಪರಿಚಯದ ಮೆಕ್ಯಾನಿಕ್ ಹತ್ತಿರ ಒಂದು ದಿನಕ್ಕೆ ಕೇಳಿ. ಅಂಕಿ ಮಾತ್ರ ನಿಮ್ಮ ಕಾರಿನ ಸರ್ವಿಸ್ ಪುಸ್ತಕದ್ದೇ ಆಗಲಿ. ಕೆಲವು ಕಾರುಗಳಲ್ಲಿ ಟಾರ್ಕ್ ಕೊಟ್ಟ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಅಂತಲೂ ಇರುತ್ತದೆ.

ಜಾಗ ಮುಖ್ಯ. ನಮ್ಮ ಕಡೆ ಮನೆ ಮುಂದೆ ಸಮತಟ್ಟು ನೆಲ ಎಲ್ಲಿದೆ ಹೇಳಿ? ಕಾಫಿ ಕಣ ಖಾಲಿಯಿದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಸೈಜುಗಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರ, ನೀವು ಬಿಚ್ಚುತ್ತಿರುವುದು ಮುಂದಿನದು. ಹಾಗಾಗಿ ಫಸ್ಟ್ ಗೇರ್ ಹಾಕಿ, ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ.

ಎಷ್ಟೋ ಕಾರುಗಳಲ್ಲಿ ನಟ್ ತಾನಾಗಿ ಸಡಿಲವಾಗದಂತೆ ಅದರ ಅಂಚನ್ನು ಶಾಫ್ಟಿನ ಗುಂಡಿಗೆ ಏಟು ಹಾಕಿ ತಗ್ಗಿಸಿರುತ್ತಾರೆ. ಸಣ್ಣ ಉಳಿಯಿಂದ ಅದನ್ನು ಪೂರ್ತಿ ಮೇಲೆತ್ತಿ, ಇಲ್ಲವಾದರೆ ಬಿಚ್ಚುವಾಗ ಶಾಫ್ಟಿನ ಥ್ರೆಡ್ ಹಾಳು. ಮಲೆನಾಡಿನ ಮಳೆಗೆ ತುಕ್ಕು ಕುಳಿತಿರುತ್ತದೆ, ತುಕ್ಕು ಬಿಡಿಸುವ ಎಣ್ಣೆ ಹಿಂದಿನ ರಾತ್ರಿಯೇ ಬಿಡಿ. ಸಾಕೆಟ್ ಸರಿಯಾದ ಅಳತೆಯದಿರಲಿ, 30 ಅಥವಾ 32 ಮಿ.ಮೀ. ಜಾಸ್ತಿ ಕಾಣಿಸುತ್ತದೆ. ಪೈಪಿಗೆ ತೋಟದ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪ್ ತರಬೇಡಿ, ಬಾಳೆದಿಂಡಿನ ಥರ ಮಡಚಿಕೊಳ್ಳುತ್ತದೆ. ಜಿ.ಐ. (ಕಬ್ಬಿಣದ) ಪೈಪ್ ಬೇಕು.

ಕಾರು ನೆಲದ ಮೇಲಿರುವಾಗ ನಟ್ ಸಡಿಲವಾದರೆ ಸಾಕು, ನಿಲ್ಲಿಸಿ. ಜಾಕಿ ಏರಿಸಿ, ಸ್ಟ್ಯಾಂಡ್ ಕೊಟ್ಟ ಮೇಲೆ ಪೂರ್ತಿ ಬಿಚ್ಚಿ. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ. ನಟ್ ಸಡಿಲ ಇರುವಾಗ ಕಾರನ್ನು ಒಂದಡಿ ಕೂಡ ಉರುಳಿಸಬಾರದು, 'ಸ್ವಲ್ಪ ನೆರಳಿಗೆ ತಳ್ಳೋಣ' ಅನ್ನುವುದೂ ಬೇಡ.

ವಾಪಸ್ ಹಾಕುವಾಗ ಹೊಸ ನಟ್ ಹಾಕಿ. ಹಳೆಯದರ ಅಂಚು ಒಮ್ಮೆ ಬಗ್ಗಿ ಎದ್ದಿದೆ, ಮತ್ತೆ ಹಿಡಿಯುವುದಿಲ್ಲ. ಕಾರು ಮೇಲಿರುವಾಗಲೇ ಕೈಯಲ್ಲಿ ಆದಷ್ಟು ಬಿಗಿ ಮಾಡಿ, ಚಕ್ರ ಹಾಕಿ, ಇಳಿಸಿ, ಬ್ರೇಕ್ ಒತ್ತಿಸಿ. ಆಮೇಲೆ ಟಾರ್ಕ್ ರೆಂಚ್. ಜಗ್ಗದೆ, ಒಂದೇ ಸಮನೆ ಎಳೆಯಿರಿ. 'ಟಕ್' ಅಂದ ಮೇಲೆ ಇನ್ನೊಂದು ಸಲ ಎಳೆಯುವ ಚಪಲ ಬೇಡ. ಕೊನೆಗೆ ಹೊಸ ನಟ್‌ನ ಅಂಚನ್ನು ಗುಂಡಿಗೆ ತಗ್ಗಿಸಿ, ಕ್ಯಾಪ್ ಹಾಕಿ.

50–100 ಕಿ.ಮೀ. ಓಡಿದ ಮೇಲೆ ವೀಲ್ ನಟ್ ಇನ್ನೊಮ್ಮೆ ನೋಡಿ. ಹಬ್ ನಟ್ ಮಾತ್ರ ಮುಟ್ಟಬೇಡಿ, ಅದಕ್ಕೆ ಉಳಿ ಏಟು ಬಿದ್ದಾಗಿದೆ.