ಪರಿವರ್ತನಾ ಅವಧಿ: ಸಾವಯವ ಸಂಘಗಳು ಸೋರುವ ಜಾಗ

ಸಾವಯವ ಸಂಘದ ಕಾಗದಪತ್ರಗಳಲ್ಲಿ ‘ಪರಿವರ್ತನಾ ಅವಧಿ’ ಎಂಬ ಮಾತು ಪದೇ ಪದೇ ಬರುತ್ತದೆ. ಅರ್ಥ ಸರಳ. ಸರಕಾರಿ ಗೊಬ್ಬರ (ನಮ್ಮ ಕಡೆ ಯೂರಿಯಾ, ಡಿಎಪಿಗೆ ಹೀಗೇ ಅನ್ನುವುದು) ಬಿಟ್ಟು, ಎಣ್ಣೆ (ಕೀಟನಾಶಕ) ಹೊಡೆಯುವುದನ್ನೂ ಬಿಟ್ಟ ಕೂಡಲೇ ಹೊಲ ಸಾವಯವ ಆಗುವುದಿಲ್ಲ. ನಡುವೆ ಕಾಯಬೇಕು. ಆ ಕಾಯುವ ಕಾಲಕ್ಕೇ ಈ ಹೆಸರು. 2001ರಲ್ಲಿ ಶುರುವಾದ ಕೇಂದ್ರದ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ನಿಯಮದಲ್ಲಿ ಹೆಸರುಕಾಳು, ಜೋಳ, ಕಡಲೆಯಂಥ ಪೀಕಿಗೆ ಬಿತ್ತುವ ಮೊದಲು ಸಾಮಾನ್ಯವಾಗಿ 2 ವರ್ಷ. ಮಾವು, ತೆಂಗಿನಂಥವಕ್ಕೆ ಕೊಯ್ಲಿಗೆ ಮೊದಲು 3 ವರ್ಷ.

ಗದಗ ಕಡೆ ಎರೆ ಹೊಲದಲ್ಲಿ ಹೆಸರು ಬಿತ್ತುವ ರೈತನ ಲೆಕ್ಕ ನೋಡಿ. ಮೊದಮೊದಲು ಇಳುವರಿ ಇಳಿಯಬಹುದು. ಸಾವಯವದ ರೇಟಂತೂ ಇನ್ನೂ ಇಲ್ಲ, ಮಾಮೂಲಿ ಮಾಲಿನ ಜೊತೆಗೇ ಹರಾಜು. ಬೀಜಕ್ಕೆ, ಬಿತ್ತನೆಗೆ ಉದ್ರಿ ಕೊಟ್ಟ ದಲಾಲಿ ಅಂಗಡಿಗೇ ಮಾಲು ಹಾಕಬೇಕು. ಸಂಘದ ಹತ್ತಿರ ಮುಂಗಡಕ್ಕೆ ರೊಕ್ಕ ಇರುವುದಿಲ್ಲ, ತೂಕ ಮಾಡಿ ಒಯ್ದ ಮಾಲಿಗೂ ಅದು ಎಲ್ಲೋ ಮಾರಾಟವಾಗಿ ದುಡ್ಡು ಬಂದ ಮೇಲೇ ಪಾವತಿ. ದಲಾಲರನ್ನು ಬೈಯುವುದು ಸುಲಭ ಬಿಡಿ. ರಾತ್ರಿ ಹತ್ತಕ್ಕೆ ಆಸ್ಪತ್ರೆಗೆ ರೊಕ್ಕ ಬೇಕೆಂದರೆ ಕೊಡುವವರು ಅವರೇ, ಸಂಘದ ಕಾರ್ಯದರ್ಶಿ ಅಲ್ವಲ್ಲ! ಸದಸ್ಯರು ಜಾಸ್ತಿ ಜಾರಿಹೋಗುವುದು ಇಲ್ಲೇ ಅನ್ನುವುದು ನನ್ನ ಅನಿಸಿಕೆ.

ಉಳಿದವರನ್ನು ಕಟ್ಟಿಕೊಂಡು ಹೋಗುವುದೂ ಸುಮ್ನೆ ಅಲ್ಲ. ಗುಂಪಾಗಿ ಪ್ರಮಾಣಪತ್ರ ಪಡೆಯಬೇಕಾದರೆ 25ರಿಂದ 500 ರೈತರು ಬೇಕು. ಪ್ರತಿಯೊಬ್ಬರ ಹೊಲದ ಡೈರಿ, ಬೀಜ ಎಲ್ಲಿಂದ ತಂದದ್ದು, ಪಕ್ಕದ ಹೊಲದ ಎಣ್ಣೆ ಗಾಳಿಗೆ ತೂರಿ ಬರದಂತೆ ಬದುವಿನ ಹತ್ತಿರ ಎಷ್ಟು ಜಾಗ ಬಿಟ್ಟಿದ್ದಾರೆ, ಎಲ್ಲ ಸಂಘವೇ ಬರೆದಿಡಬೇಕು, ಸಂಘವೇ ತಪಾಸಣೆ ಮಾಡಬೇಕು. ಒಬ್ಬ ಕದ್ದು ಒಂದು ಚೀಲ ಯೂರಿಯಾ ಹಾಕಿದರೂ ಗುಂಪಿಗೇ ತಲೆನೋವು. ಹಾವೇರಿಯ ಹತ್ತಿ ರೈತರಿಗಂತೂ ಬೀಜದ್ದೇ ಪಡಿಪಾಟಲು. ಸಾವಯವದಲ್ಲಿ ಬಿಟಿ (ಕುಲಾಂತರಿ) ಬೀಜ ನಡೆಯುವುದಿಲ್ಲ, ಅಂಗಡಿಯಲ್ಲಿ ನೋಡಿದರೆ ಎಲ್ಲ ಬಿಟಿಯೇ. ಜಯಧರ ಎಂಬ ದೇಸಿ ಹತ್ತಿ ತಳಿಯ ಬೀಜ ಯಾರ ಮನೆಯಲ್ಲಿದೆ ಅಂತ ಕೇಳಿಕೊಂಡು ತಿರುಗಬೇಕು.

ಖರ್ಚು ಕಡಿಮೆ ಇರುವ ಇನ್ನೊಂದು ದಾರಿ ಪಿಜಿಎಸ್, ಅಂದರೆ ರೈತರೇ ಸೇರಿ ಖಾತರಿ ಕೊಡುವ ಪದ್ಧತಿ. ಕನಿಷ್ಠ 5 ರೈತರು ಸೇರಿ ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತರಿ ಕೊಡುತ್ತಾರೆ. 2015ರ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಇಂಥ ಗುಂಪುಗಳಿಗೆ 3 ವರ್ಷ ನೆರವೂ ಉಂಟು. ಆದರೆ ಮಾಲು ಪೂರಾ ಸಾವಯವ ಆಗಿ ಗಿರಾಕಿ ಹುಡುಕುವ ಹೊತ್ತಿಗೆ ನೆರವು ಮುಗಿಯುತ್ತಾ ಬಂದಿರುತ್ತದೆ. ಪರಿವರ್ತನೆಯಲ್ಲಿರುವ ಮಾಲಿಗೆ ‘ಪಿಜಿಎಸ್ ಗ್ರೀನ್’ ಅಂತ ಬೇರೆ ಗುರುತೇನೋ ಇದೆ. ಧಾರವಾಡದ ಸಂತೆಯಲ್ಲಿ ಅದನ್ನು ತೋರಿಸಿ ನೋಡಿ. “ಅಂದ್ರ ಇದು ಪೂರಾ ಸಾವಯವ ಅಲ್ಲೇನ್ರೀ?” ಅಂತ ಕೇಳಿ, ಗಿರಾಕಿಗಳು ಚೀಲ ಮಡಚಿಕೊಂಡು ಮುಂದಿನ ಅಂಗಡಿಗೆ ನಡೆಯುತ್ತಾರೆ.